ಸರ್ಕಾರಿ ಪ್ರೌಢಶಾಲೆಯ ಮಕ್ಕಳು ಮತ್ತು ನಮ್ಮ ಸಂಘದ ಜವಾಬ್ದಾರಿ

(ಹಾಲು ಉತ್ಪಾದಕರ ಸಹಕಾರ ಸಂಘದ ಬೆಳ್ಳಿಹಬ್ಬದ ಅಂಗವಾಗಿ ಪ್ರೌಢಶಾಲೆಯ ಆವರಣದಲ್ಲಿ ನಡೆದ ಸದಸ್ಯರ ಹಾಗೂ ಪೋಷಕರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತುಗಳು)





ಬೆಳ್ಳಿಹಬ್ಬ ಅಂದ ಮೇಲೆ ಎಷ್ಟು ಲೀಟರ್ ಹಾಲು ಬಂತು, ಎಷ್ಟು ಬಟವಾಡೆ ಆಯಿತು, ಕಟ್ಟಡ ಯಾವ ವರ್ಷ ಎದ್ದಿತು ಅಂತ ಹೇಳುವುದು ವಾಡಿಕೆ. ಆ ಲೆಕ್ಕವನ್ನೆಲ್ಲ ಕಾರ್ಯದರ್ಶಿಗಳು ವರದಿಯಲ್ಲಿ ಒಪ್ಪಿಸಿದ್ದಾರೆ. ಈ ಪ್ರೌಢಶಾಲೆಯ ಓದು, ಇಲ್ಲಿನ ಮಕ್ಕಳಿಗೆ ಸಿಗುವ ನೆರವು, ಅದರಲ್ಲಿ ನಮ್ಮ ಸಂಘದ ಪಾತ್ರ, ಇದರ ಬಗ್ಗೆ ಎರಡು ಮಾತಾಡಿ ಎಂದು ನಮಗೆ ಹೇಳಿದ್ದಾರೆ. ನಾವು ಭಾಷಣಕಾರರಲ್ಲ. ನಮ್ಮ ಮಂಡಳಿಯಲ್ಲಿ ಹೆಚ್ಚಿನವರ ಓದು ಎಸ್.ಎಸ್.ಎಲ್.ಸಿ.ಗೇ ನಿಂತಿದೆ. ಆದ್ದರಿಂದ ಕಂಡದ್ದನ್ನು ಕಂಡಹಾಗೆ ಹೇಳುತ್ತೇವೆ. ನಮ್ಮದೇ ಒಂದು ತಪ್ಪನ್ನೂ ಹೇಳುವುದಿದೆ.

ಮೊದಲಿಗೆ ಈ ಶಾಲೆಯಲ್ಲಿ ಓದುವವರು ಯಾರು ಅಂತ ನೋಡೋಣ. ನಾವು ಓದುವಾಗ ಊರಿನ ಅನುಕೂಲಸ್ಥರ ಮಕ್ಕಳೂ ಕೂಲಿಯವರ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರುತ್ತಿದ್ದೆವು. ಈಗ ಬೆಳಿಗ್ಗೆ ಏಳೂವರೆಗೆ ಹಳದಿ ವ್ಯಾನು ಬಂದು ಕೈಲಿ ಕಾಸಿರುವವರ ಮಕ್ಕಳನ್ನು ತಾಲ್ಲೂಕು ಕೇಂದ್ರದ ಕಾನ್ವೆಂಟಿಗೆ ತುಂಬಿಕೊಂಡು ಹೋಗುತ್ತದೆ. ಇಲ್ಲಿ ಉಳಿದವರು ಸಣ್ಣ ಹಿಡುವಳಿದಾರರ ಮಕ್ಕಳು, ಕಾಲೋನಿಯ ಮಕ್ಕಳು, ತಾಂಡಾದ ಲಂಬಾಣಿ ಮಕ್ಕಳು, ಮಸೀದಿ ಬೀದಿಯ ಮಕ್ಕಳು. ಇವರ ಜೊತೆಗೆ ತೋಟದ ಕೆಲಸಕ್ಕೆ ರಾಯಚೂರು, ಯಾದಗಿರಿ ಕಡೆಯಿಂದ ಬಂದು ಶೆಡ್ಡುಗಳಲ್ಲಿರುವವರ ಮಕ್ಕಳಿದ್ದಾರೆ. ತೆಂಗಿನ ನಾರಿನ ಫ್ಯಾಕ್ಟರಿಗೆ ಬಂದಿರುವ ಬಿಹಾರದವರ ಮಕ್ಕಳೂ ಇದ್ದಾರೆ. ಮನೆಯಲ್ಲಿ ಒಬ್ಬರದು ಕನ್ನಡ, ಒಬ್ಬರದು ಲಂಬಾಣಿ ಮಾತು, ಒಬ್ಬರದು ಉರ್ದು, ಒಬ್ಬರದು ತೆಲುಗು, ಒಬ್ಬರದು ಹಿಂದಿ. ಆದರೆ ಹತ್ತನೇ ತರಗತಿಗೆ ಬಂದಾಗ ಇವರೆಲ್ಲರಿಗೂ ಪ್ರಥಮ ಭಾಷೆ ಕನ್ನಡ, ಅದಕ್ಕೆ 125 ಅಂಕ. ಮನೆಯಲ್ಲಿ ಅವ್ವನ ಹತ್ತಿರ ಬೇರೆ ಮಾತಾಡುವ ಮಗು ಇಲ್ಲಿ ಬಂದು ಹಳಗನ್ನಡ ಪದ್ಯಕ್ಕೆ ಭಾವಾರ್ಥ ಬರೆಯಬೇಕು. ಅದು ಎಷ್ಟು ಕಷ್ಟ ಅಂತ ಕನ್ನಡದಲ್ಲೇ ಹುಟ್ಟಿ ಬೆಳೆದು ಒದ್ದಾಡಿದ ನಮಗೆ ಗೊತ್ತು.

ಇಷ್ಟು ಬಗೆಯ ಮಕ್ಕಳನ್ನು ಒಂದೇ ಕೊಠಡಿಯಲ್ಲಿ ಕೂರಿಸಿಕೊಂಡು ಮೇಷ್ಟ್ರು ಏನು ಮಾಡುತ್ತಾರೆ ಎಂಬುದು ಊರಿನವರಾದ ನಮಗೆ ಬಹಳ ಮಟ್ಟಿಗೆ ತಿಳಿದಿರಲಿಲ್ಲ. ಪ್ರತಿ ವರ್ಷ ಶಾಲೆ ತೆರೆದ ಕೂಡಲೇ ಸೇತುಬಂಧ ಎಂಬ ಕಾರ್ಯಕ್ರಮ ನಡೆಯುತ್ತದೆ. ಹಿಂದಿನ ತರಗತಿಯ ಪಾಠದಲ್ಲಿ ತಲೆಯಲ್ಲಿ ಎಷ್ಟು ನಿಂತಿದೆ ಎಂದು ಒಂದು ಪರೀಕ್ಷೆ ಮಾಡುತ್ತಾರೆ. ಬಿಟ್ಟುಹೋದದ್ದನ್ನು ಕಲಿಸಿ ಮತ್ತೊಂದು ಪರೀಕ್ಷೆ ಮಾಡುತ್ತಾರೆ. ಆಮೇಲೆ ಆ ವರ್ಷದ ಪಾಠ. ಕೊರೊನಾದಿಂದ 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿ ಮಕ್ಕಳು ಓದು ಮರೆತಿದ್ದರಲ್ಲ, ಅದನ್ನು ತುಂಬಿಸಲು 2022-23ರಲ್ಲಿ ಕಲಿಕಾ ಚೇತರಿಕೆ ಎಂದು ಬೇರೆಯೇ ಕಾರ್ಯಕ್ರಮ ಮಾಡಿದರು. ವರ್ಷದಲ್ಲಿ ಹಲವು ಸಲ ರೂಪಣಾತ್ಮಕ ಪರೀಕ್ಷೆ, ಸಂಕಲನಾತ್ಮಕ ಪರೀಕ್ಷೆ ಇರುತ್ತವೆ. ಹಿಂದೆ ಬಿದ್ದವರಿಗೆ ಪರಿಹಾರ ಬೋಧನೆ. ಹತ್ತನೇ ತರಗತಿಗೆ ಬೆಳಿಗ್ಗೆ ಎಂಟಕ್ಕೇ ವಿಶೇಷ ತರಗತಿ, ಮಾರ್ಚ್ ಹತ್ತಿರ ಬಂದಾಗ ಪೂರ್ವಸಿದ್ಧತಾ ಪರೀಕ್ಷೆ. ನಮ್ಮ ಮೇಷ್ಟ್ರುಗಳು ಐದೈದು ಮಕ್ಕಳನ್ನು ಹಂಚಿಕೊಂಡು ಬೆಳಗಿನ ಜಾವ ಐದಕ್ಕೆ ಫೋನ್ ಮಾಡಿ ಎಬ್ಬಿಸುತ್ತಾರೆ. ಇದನ್ನು ಯಾವ ಸುತ್ತೋಲೆಗೂ ಕಾಯದೆ ಮಾಡುತ್ತಾರೆ. ಅವರಿಗೆ ಈ ವೇದಿಕೆಯಿಂದ ಕೃತಜ್ಞತೆ ಸಲ್ಲಿಸುತ್ತೇವೆ.

ಸರ್ಕಾರದ ನೆರವೂ ಕಡಿಮೆಯಿಲ್ಲ. ಪಠ್ಯಪುಸ್ತಕ, ಸಮವಸ್ತ್ರ, ಮಧ್ಯಾಹ್ನದ ಬಿಸಿಯೂಟ ಇವೆ. ವಾರಕ್ಕೆ ಎರಡು ದಿನ ಇದ್ದ ಮೊಟ್ಟೆ, ಬಾಳೆಹಣ್ಣು 2024ರ ಸೆಪ್ಟೆಂಬರಿನಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ಆರು ದಿನಕ್ಕೆ ಏರಿತು. 2006-07ರಿಂದ ಎಂಟನೇ ತರಗತಿಗೆ ಸೈಕಲ್ ಕೊಡುತ್ತಿದ್ದದ್ದು ತಮಗೆಲ್ಲ ನೆನಪಿರಬಹುದು. ಕೊರೊನಾ ಕಾಲಕ್ಕೆ ಅದು ನಿಂತಾಗ ಹೆಚ್ಚು ಪೆಟ್ಟು ಬಿದ್ದದ್ದು ದೂರದ ತಾಂಡಾದ ಹೆಣ್ಣುಮಕ್ಕಳಿಗೆ.

ಇನ್ನು ನಮ್ಮ ಹಾಲಿನ ವಿಷಯ. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಶುರುವಾದಾಗ ವಾರಕ್ಕೆ 3 ದಿನ ಹಾಲು ಕೊಡುತ್ತಿದ್ದರು. 2017ರಲ್ಲಿ ಅದು 5 ದಿನ ಆಯಿತು. ಒಂದು ಮಗುವಿಗೆ 18 ಗ್ರಾಂ ಹಾಲಿನ ಪುಡಿ, ಅದನ್ನು ಕಲಸಿ 150 ಮಿಲಿ ಲೀಟರ್ ಹಾಲು. ಆ ಪುಡಿ ಬರುವುದು ನಮ್ಮಂಥ ಹಳ್ಳಿ ಸಂಘಗಳಿಂದ ಒಕ್ಕೂಟಕ್ಕೆ ಹೋದ ಹಾಲಿನಿಂದಲೇ. ನಾವು ಹಾಕಿದ ಹಾಲು ಪುಡಿಯಾಗಿ, ಊರೂರು ಸುತ್ತಿ, ನಮ್ಮ ಮಕ್ಕಳ ಲೋಟಕ್ಕೇ ವಾಪಸು ಬರುತ್ತದೆ ಅಂತ ನಾವು ಸರ್ವಸದಸ್ಯರ ಸಭೆಗಳಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದೇವೆ. ಸಂಘದ ಧರ್ಮನಿಧಿಯಿಂದ ಎರಡು ಸಲ ಬೆಂಚು ಕೊಡಿಸಿದ್ದೇವೆ. ಇಷ್ಟಕ್ಕೆ ಶಾಲೆಗೆ ನಮ್ಮ ಕರ್ತವ್ಯ ಮುಗಿಯಿತು ಎಂದು ತಿಳಿದುಕೊಂಡಿದ್ದೆವು.

ಹಾಗಲ್ಲ ಎಂದು ಗೊತ್ತಾದದ್ದು ಹೋದ ವರ್ಷದ ಡಿಸೆಂಬರಿನಲ್ಲಿ. ಒಂದು ದಿನ ಬೆಳಿಗ್ಗೆ ಮುಖ್ಯೋಪಾಧ್ಯಾಯರು ಡೈರಿ ಬಾಗಿಲಿಗೆ ಬಂದರು. ಕೈಯಲ್ಲಿ ವಿಶೇಷ ತರಗತಿಯ ಹಾಜರಿ ಪುಸ್ತಕ. ಚಂದಾ ಕೇಳೋಕೆ ಬಂದಿದ್ದಾರೆ ಅಂದುಕೊಂಡೆವು. ಅವರು, "ದುಡ್ಡು ಬೇಡ ಯಜಮಾನ್ರೇ, ನಿಮ್ಮ ಬೆಳಗಿನ ಹಾಲಿನ ಪುಸ್ತಕ ಒಂದು ಸಲ ತೋರಿಸಿ" ಅಂದರು. ಎರಡೂ ಪುಸ್ತಕವನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಬೆರಳಿಟ್ಟು ನೋಡುತ್ತಾ ಹೋದೆವು. ವಿಶೇಷ ತರಗತಿಗೆ ದಿನಾ ತಡವಾಗಿ ಬರುವವರು ಅಥವಾ ಬಾರದೇ ಇರುವವರು ಹನ್ನೊಂದು ಮಕ್ಕಳು. ಆ ಹನ್ನೊಂದು ಮನೆಯ ಬೆಳಗಿನ ಹಾಲು ತರುವವರೂ ಆ ಮಕ್ಕಳೇ. ಅವರಲ್ಲಿ ಏಳು ಜನ ಹೆಣ್ಣುಮಕ್ಕಳು.

ಲೆಕ್ಕ ಬಿಡಿಸಿದರೆ ಕಷ್ಟವೇನಿಲ್ಲ. ಐದಕ್ಕೆ ಮೇಷ್ಟ್ರ ಫೋನು ಬಂದಾಗ ಆ ಮಗು ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿರುತ್ತದೆ. ಹಾಲು ಕರೆದು ಮುಗಿಯುವಾಗ ಆರೂವರೆ. ಏಳಕ್ಕೆ ಡೈರಿ ಸಾಲು. ಟೆಸ್ಟಾಗಿ ಚೀಟಿ ಕೈಗೆ ಬರುವಾಗ ಏಳೂಮುಕ್ಕಾಲು. ಮತ್ತೆ ಮನೆಗೆ ನಡೆದು, ಕ್ಯಾನು ತೊಳೆದು, ಸ್ನಾನ ಮಾಡಿ, ತಿಂಡಿ ತಿಂದು ಹೊರಟರೆ ಶಾಲೆ ಮುಟ್ಟುವುದು ಒಂಬತ್ತೂಕಾಲಕ್ಕೆ. ಅಷ್ಟರಲ್ಲಿ ಗಣಿತದ ಮೇಷ್ಟ್ರು ಕಪ್ಪುಹಲಗೆ ಒರೆಸಿರುತ್ತಾರೆ.

ಇಲ್ಲಿ ಒಂದು ಮಾತು ಮುಚ್ಚಿಡಬಾರದು. ಆ ಹನ್ನೊಂದರಲ್ಲಿ ನಮ್ಮ ಮನೆಯ ಮಗಳೂ ಒಬ್ಬಳು. ಸಂಜೆ ಮನೆಗೆ ಹೋಗಿ, "ಏನವ್ವ, ಬೆಳಿಗ್ಗೆ ಕ್ಲಾಸಿಗೆ ಹೋಗ್ತಾ ಇಲ್ವಂತೆ?" ಎಂದು ಗದರಿಸಿದೆವು. ಅವಳು, "ಕ್ಯಾನು ಕೈಗೆ ಕೊಡೋರು ನೀವೇ ಅಲ್ವೇನಪ್ಪ?" ಅಂದಳು. ಉತ್ತರ ಹೇಳೋಕೆ ನಮಗೆ ಬಾಯಿ ಬರಲಿಲ್ಲ.

ಮಾರನೇ ವಾರ ಮಂಡಳಿ ಸಭೆ ಕರೆದು ಒಂದು ಉಪಾಯ ಮಾಡಿದೆವು. ಹತ್ತನೇ ತರಗತಿ ಮಕ್ಕಳು ಸಾಲಿನಲ್ಲಿ ನಿಲ್ಲಬೇಕಿಲ್ಲ, ಅವರ ಹಾಲನ್ನು ಮೊದಲು ತೆಗೆದುಕೊಂಡು ಕಳಿಸಿಬಿಡುವುದು. ಬಹಳ ಒಳ್ಳೇ ಕೆಲಸ ಮಾಡಿದೆವು ಅಂದುಕೊಂಡೆವು. ಹತ್ತು ದಿನ ಕಳೆದು ನೋಡಿದರೆ ಹನ್ನೊಂದು ಇದ್ದವರು ಹದಿನೇಳು ಆಗಿದ್ದರು! ಸಾಲು ಕಾಯುವ ಹಾಗಿಲ್ಲವಲ್ಲ ಅಂತ, ಇಷ್ಟು ದಿನ ತಾವೇ ಹಾಲು ತರುತ್ತಿದ್ದ ಅಪ್ಪಂದಿರೂ ಮಕ್ಕಳ ಕೈಗೆ ಕ್ಯಾನು ಕೊಟ್ಟು ಕಳಿಸತೊಡಗಿದರು. ತಾವು ನಗುತ್ತಿದ್ದೀರಿ. ನಾವೂ ಆವತ್ತು ನಕ್ಕೆವು, ಆಮೇಲೆ ತಲೆ ತಗ್ಗಿಸಿದೆವು. ಕ್ಯಾನು ಮಗುವಿನ ಕೈಯಲ್ಲೇ ಇರಲಿ, ಸಾಲು ಮಾತ್ರ ಚಿಕ್ಕದಾಗಲಿ ಎಂದು ಯೋಚಿಸಿದ್ದೇ ನಮ್ಮ ತಪ್ಪು.

ಮತ್ತೆ ಸಭೆ ಸೇರಿದೆವು. ಜನವರಿಯಿಂದ ಪರೀಕ್ಷೆ ಮುಗಿಯುವವರೆಗೆ ಹತ್ತನೇ ತರಗತಿ ಮಕ್ಕಳ ಕೈಯಿಂದ ಬೆಳಗಿನ ಹಾಲು ತೆಗೆದುಕೊಳ್ಳುವುದೇ ಬೇಡ, ದೊಡ್ಡವರೇ ತರಲಿ ಎಂದು ಒಬ್ಬರು ಹೇಳಿದರು. ಸದಸ್ಯರ ಹಾಲನ್ನು ಬೇಡ ಅನ್ನಲು ಬೈಲಾದಲ್ಲಿ ಎಲ್ಲಿದೆ ಎಂದು ಇನ್ನೊಬ್ಬರು ಎದ್ದು ನಿಂತರು. ಅವರ ಮಾತೂ ನ್ಯಾಯವೇ. ಕೊನೆಗೆ ಠರಾವು ಬೇಡ, ಮನೆಮನೆಗೆ ಹೋಗಿ ವಿನಂತಿ ಮಾಡೋಣ ಎಂದು ತೀರ್ಮಾನವಾಯಿತು.

ಹಾಗೆ ಹೋದಾಗ ಕಾಲೋನಿಯ ಒಬ್ಬ ತಾಯಿ ಬಾಗಿಲಲ್ಲೇ ನಿಲ್ಲಿಸಿ ಕೇಳಿದರು: "ನಿಮ್ ಮನೇಲಿ ಗಂಡಸ್ರು ಅವ್ರೆ, ತರ್ತಾರೆ. ನನ್ ಮನೇಲಿ ಯಾರವ್ರೆ ಸ್ವಾಮಿ? ಏಳಕ್ಕೆಲ್ಲ ಫ್ಯಾಕ್ಟರಿ ಆಟೋ ಬಂದ್ಬಿಡ್ತದೆ. ಹಾಲು ಡೈರಿಗೆ ಬರ್ದಿದ್ರೆ ಬಟವಾಡೆ ಇಲ್ಲ. ಬಟವಾಡೆ ಇಲ್ದಿದ್ರೆ ಮಗಳ ನೋಟ್‌ಬುಕ್ಕಿಗೆ ದುಡ್ಡೆಲ್ಲಿಂದ ತರ್ಲಿ?"

ಆಗ ನಮಗೆ ವಿಷಯ ಪೂರ್ತಿ ಅರ್ಥವಾಯಿತು. ಆ ಮಗು ಹಾಲು ತರುವುದು ತಾಯಿಗೆ ಓದಿನ ಬೆಲೆ ಗೊತ್ತಿಲ್ಲದೆ ಅಲ್ಲ. ಆ ಮನೆಯ ಓದು ನಡೆಯುತ್ತಿದ್ದದ್ದೇ ಆ ಹಾಲಿನಿಂದ. ಬಿಡಿ ಎಂದು ಹೇಳಿ ನಾವು ಕೈ ತೊಳೆದುಕೊಂಡರೆ ಆ ಮನೆಗೆ ಎರಡು ಕಡೆಯಿಂದ ನಷ್ಟ.

ಸ್ನೇಹಿತರೇ, ಸಹಕಾರ ಸಂಘ ಎಂದರೇನು? 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಮೊದಲ ಸಂಘ ಕಟ್ಟಿದಾಗಿನಿಂದ ಅದರ ಅರ್ಥ ಒಂದೇ. ಒಬ್ಬರ ಕೈಲಾಗದ್ದನ್ನು ಹತ್ತು ಜನ ಸೇರಿ ಮಾಡುವುದು. ಸಾಲಕ್ಕೆ, ಹಾಲಿಗೆ ಸಲ್ಲುವ ಮಾತು ಮಕ್ಕಳ ಓದಿಗೆ ಏಕೆ ಸಲ್ಲಬಾರದು? ಹೇಗೂ ಅದೇ ದಾರಿಯಲ್ಲಿ ಬರುವ ಅಕ್ಕಪಕ್ಕದ ಮನೆಯವರು ಇಂಥವರ ಕ್ಯಾನನ್ನೂ ತಂದುಕೊಡಲಿ ಎಂದು ಕೇಳಿಕೊಂಡೆವು.

ಸುಲಭಕ್ಕೆ ಆಗಲಿಲ್ಲ. ದಾರೀಲಿ ನೀರು ಬೆರೆಸಿದರೆ ಯಾರು ಹೊಣೆ ಎಂದು ಕೆಲವರು ಕೇಳಿದರು. ಅವರ ಫ್ಯಾಟು ಇವರ ಲೆಕ್ಕಕ್ಕೆ ಹೋದರೆ ಎಂದು ಕೆಲವರು ಅನುಮಾನಪಟ್ಟರು. ಯಾರ ಕ್ಯಾನನ್ನು ಯಾರು ಮುಟ್ಟುವುದು ಎಂಬ ಮಾತೂ ಬಂತು. ಬಂದದ್ದು ನಿಜ, ಮುಚ್ಚಿಡುವುದು ಬೇಡ. ಆಗ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು, "ಇಪ್ಪತ್ತೈದು ವರ್ಷದಿಂದ ಎಲ್ಲರ ಹಾಲನ್ನೂ ಒಂದೇ ಕಡೆ ಸುರೀತಾ ಇದ್ದೀವಿ. ಆ ಹಾಲಿನಲ್ಲಿ ನಿಮ್ಮದು ಯಾವುದು, ಅವರದು ಯಾವುದು, ತೆಗೆದು ತೋರಿಸಿ ನೋಡೋಣ" ಎಂದರು. ಅಲ್ಲಿಗೆ ಮಾತು ನಿಂತಿತು. ಕ್ಯಾನಿಗೆ ಸದಸ್ಯರ ನಂಬರ್ ಬರೆದ ಬಿಲ್ಲೆ ಕಟ್ಟಿ, ಪ್ರತಿ ಕ್ಯಾನನ್ನೂ ಬೇರೆಯಾಗಿ ಟೆಸ್ಟು ಮಾಡಿ, ಚೀಟಿಯನ್ನು ಕ್ಯಾನಿನ ಜೊತೆಯಲ್ಲೇ ಕಳಿಸುವ ಏರ್ಪಾಡು ಮಾಡಿದೆವು. ಕಾರ್ಯದರ್ಶಿಗಳಿಗೂ ಟೆಸ್ಟರಿಗೂ ಹೆಚ್ಚಿನ ಕೆಲಸವಾಯಿತು. ಅವರು ಬೇಸರಪಡಲಿಲ್ಲ. ನಮ್ಮ ಮನೆಯ ಹಾಲನ್ನು ಆವತ್ತಿನಿಂದ ನಾವೇ ತರುತ್ತಿದ್ದೇವೆ, ತಾವು ದಿನಾ ನೋಡುತ್ತಿದ್ದೀರಿ.

ಫಲಿತಾಂಶ ಏನಾಯಿತು? ಎಲ್ಲ ನಮ್ಮಿಂದಲೇ ಆಯಿತು ಎಂದು ಹೇಳಿದರೆ ಮೇಷ್ಟ್ರುಗಳಿಗೆ ದ್ರೋಹವಾಗುತ್ತದೆ. ಇದ್ದದ್ದನ್ನು ಹೇಳುತ್ತೇವೆ. ಆ ಹನ್ನೊಂದು ಮಕ್ಕಳಲ್ಲಿ ಎಂಟು ಮಕ್ಕಳು ಮೊದಲ ಪರೀಕ್ಷೆಯಲ್ಲೇ ಪಾಸಾದರು. ಬಾಗಿಲಲ್ಲಿ ನಿಲ್ಲಿಸಿ ಕೇಳಿದ ಆ ತಾಯಿಯ ಮಗಳೂ ಅವರಲ್ಲಿದ್ದಾಳೆ. ಇಬ್ಬರು ಎರಡನೇ ಪರೀಕ್ಷೆಯಲ್ಲಿ ಪಾಸಾದರು. ಒಬ್ಬ ಹುಡುಗ ಮಾತ್ರ ಗಣಿತದಲ್ಲಿ ಹೋಯಿತು ಅಂತ ಬೆಂಗಳೂರಿಗೆ ಬೇಕರಿ ಕೆಲಸಕ್ಕೆ ಹೊರಟುಹೋದ. ಅವನ ಮನೆಗೆ ಎರಡು ಸಲ ಹೋಗಿ ಬಂದೆವು, ಹುಡುಗ ವಾಪಸು ಬರಲಿಲ್ಲ. ಹತ್ತು ಮಕ್ಕಳ ಸಂತೋಷದ ಜೊತೆಗೆ ಆ ಒಬ್ಬನ ವಿಷಯವೂ ಸಂಘದ ಲೆಕ್ಕದಲ್ಲಿ ಇರಬೇಕು.

ಇಲ್ಲಿ ಒಂದು ವಿಷಯ ಎಲ್ಲ ಪೋಷಕರಿಗೂ ತಿಳಿದಿರಲಿ. ನಮ್ಮ ಕಾಲದಲ್ಲಿ ಮಾರ್ಚ್ ಹೋದರೆ ವರ್ಷವೇ ಹೋಯಿತು ಎಂಬ ಭಯ ಇತ್ತು. 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಬರೆಯಲು ಅವಕಾಶವಿದೆ. ಯಾವುದರಲ್ಲಿ ಹೆಚ್ಚು ಅಂಕ ಬಂತೋ ಅದೇ ನಿಲ್ಲುತ್ತದೆ. ಆದ್ದರಿಂದ ಒಂದು ವಿಷಯ ಹೋಯಿತು ಅಂತ ಮಗುವನ್ನು ಕೂಲಿಗೆ ಕಳಿಸಬೇಡಿ, ಹೆಣ್ಣುಮಗಳಾದರೆ ಗಂಡು ಹುಡುಕೋಕೆ ಹೊರಡಬೇಡಿ. ಹಾಗೇ ಇನ್ನೊಂದು ಮಾತು. 2023ರಲ್ಲಿ ರಾಜ್ಯದ ಎಸ್.ಎಸ್.ಎಲ್.ಸಿ. ಫಲಿತಾಂಶ ಶೇಕಡಾ 83.89 ಇತ್ತು. 2024ರಲ್ಲಿ ಪರೀಕ್ಷಾ ಕೇಂದ್ರಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಹೆಚ್ಚಿನ ಕೃಪಾಂಕ ಕೊಟ್ಟ ಮೇಲೂ ಅದು 73.40ಕ್ಕೆ ಇಳಿಯಿತು. ಹೇಗೋ ಪಾಸಾಗ್ತಾನೆ ಬಿಡು ಎನ್ನುವ ಕಾಲ ಹೋಯಿತು. ಇನ್ನು ಕೂತು ಓದಿದವರಿಗೇ ಅಂಕ, ಕೂತು ಓದಲು ಬೇಕಾದದ್ದು ಹೊತ್ತು. ಸರ್ಕಾರ ಪುಸ್ತಕ ಕೊಡಬಹುದು, ಊಟ ಕೊಡಬಹುದು. ಬೆಳಗಿನ ಎರಡು ಗಂಟೆಯ ಹೊತ್ತನ್ನು ಕೊಡಬೇಕಾದವರು ನಾವು.

ವಿದ್ಯಾರ್ಥಿವೇತನದ ವಿಷಯವೂ ಹೀಗೇ ಕೈತಪ್ಪಿ ಹೋಗುತ್ತಿದೆ. ಎಂಟನೇ ತರಗತಿಯಲ್ಲಿ ಎನ್.ಎಂ.ಎಂ.ಎಸ್. ಎಂಬ ಪರೀಕ್ಷೆ ಇದೆ. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ, ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿ ಮೀರದವರಿಗೆ. ಬುದ್ಧಿಶಕ್ತಿಯ ಒಂದು ಪತ್ರಿಕೆ, ಪಾಠದ ಒಂದು ಪತ್ರಿಕೆ. ಆಯ್ಕೆಯಾದರೆ ಒಂಬತ್ತನೇ ತರಗತಿಯಿಂದ ದ್ವಿತೀಯ ಪಿ.ಯು.ಸಿ.ವರೆಗೆ ವರ್ಷಕ್ಕೆ 12,000 ರೂಪಾಯಿ. ನಾಲ್ಕು ವರ್ಷಕ್ಕೆ 48,000 ಆಯಿತು. ಹಸು ಕೊಳ್ಳಲು ನಾವು ಸಾಲಕ್ಕೆ ಎಷ್ಟು ಓಡಾಡುತ್ತೇವೆ! ಈ ಹಣಕ್ಕೆ ಸಾಲವಿಲ್ಲ, ಬಡ್ಡಿಯಿಲ್ಲ, ಮಗು ಓದಬೇಕು, ನಾವು ಕಾಗದ ಮಾಡಿಸಬೇಕು ಅಷ್ಟೇ. ಆದರೂ ಆದಾಯ ಪತ್ರ ಸಕಾಲಕ್ಕೆ ಸಿಗದೆ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದೆ ಮಕ್ಕಳು ಇಂಥ ಹಣ ಕಳೆದುಕೊಳ್ಳುತ್ತಿದ್ದಾರೆ. ಅಪ್ಪ ಅಮ್ಮ ಓದಿಲ್ಲದ ಮನೆಗೆ, ಬೇರೆ ಜಿಲ್ಲೆಯಿಂದ ಬಂದು ಶೆಡ್ಡಿನಲ್ಲಿರುವವರಿಗೆ ನಾಡಕಚೇರಿ ಬಾಗಿಲು ಯಾವ ಕಡೆಗಿದೆ ಎಂಬುದೇ ಗೊತ್ತಿರುವುದಿಲ್ಲ. ಅದಕ್ಕೆ ಈ ಬೆಳ್ಳಿಹಬ್ಬದ ವರ್ಷದಿಂದ ಡೈರಿಯ ಬೋರ್ಡಿನಲ್ಲಿ ಹಾಲಿನ ದರದ ಪಕ್ಕದಲ್ಲೇ ವಿದ್ಯಾರ್ಥಿವೇತನದ ಅರ್ಜಿಯ ಕೊನೇ ದಿನಾಂಕವನ್ನು ಬರೆಸುತ್ತೇವೆ. ಬಟವಾಡೆಯ ದಿನ ಒಬ್ಬ ನಿರ್ದೇಶಕರು ಕೂತು ಕಾಗದಪತ್ರ ನೋಡಿ ಹೇಳುತ್ತಾರೆ. ಸಂಘದ ಸದಸ್ಯರಲ್ಲದವರೂ ಬರಬಹುದು, ಶೆಡ್ಡಿನವರೂ ಬರಬಹುದು. ಶಾಲೆಯ ಮಕ್ಕಳೆಲ್ಲ ಊರಿನ ಮಕ್ಕಳೇ.

ಸದಸ್ಯ ಬಂಧುಗಳೇ, ನಾವು ಹಾಲಿಗೆ ದಿನಕ್ಕೆ ಎರಡು ಸಲ ಟೆಸ್ಟು ಮಾಡಿಸುತ್ತೇವೆ. ಒಂದು ಪಾಯಿಂಟು ಫ್ಯಾಟು ಕಡಿಮೆ ಬಂದರೆ ಕಾರ್ಯದರ್ಶಿಗಳ ಜೊತೆ ಜಗಳ ಆಡುತ್ತೇವೆ. ಆವತ್ತೇ ಹೋಗಿ ಹಸುವಿಗೆ ಹಿಂಡಿ ಸರಿಯಾಗಿ ಹಾಕಿದ್ದೀಯಾ ಅಂತ ಮನೆಯಲ್ಲಿ ಕೇಳುತ್ತೇವೆ. ಮಗುವಿನ ಪರೀಕ್ಷೆಯ ಅಂಕಪಟ್ಟಿಯನ್ನು ವರ್ಷಕ್ಕೆ ಎಷ್ಟು ಸಲ ನೋಡಿದ್ದೇವೆ? ಸಹಿ ಹಾಕು ಅಂತ ತಂದಾಗ ಹೆಬ್ಬೆಟ್ಟೋ ಸಹಿಯೋ ಒತ್ತಿ ಕೊಟ್ಟಿದ್ದೇವೆ. ಮಾರ್ಚ್ ಬಂದಾಗ ಮಾತ್ರ ಮೇಷ್ಟ್ರನ್ನು ಬೈದಿದ್ದೇವೆ.

ಆದ್ದರಿಂದ ತಮ್ಮಲ್ಲಿ ನಮ್ಮ ಪ್ರಾರ್ಥನೆ ಮೂರು. ಹತ್ತನೇ ತರಗತಿ ಮಗು ಇರುವ ಮನೆಯಲ್ಲಿ ಜನವರಿಯಿಂದ ಬೆಳಗಿನ ಕ್ಯಾನು ದೊಡ್ಡವರ ಕೈಯಲ್ಲಿರಲಿ. ಹಾಗೆ ಮಾಡಲು ಯಾರೂ ಇಲ್ಲದ ಮನೆ ನಿಮ್ಮ ಬೀದಿಯಲ್ಲಿದ್ದರೆ, ಅದು ಯಾವ ಬೀದಿಯೇ ಆಗಲಿ, ಆ ಮನೆಯ ಕ್ಯಾನನ್ನೂ ಹಿಡಿದು ಬನ್ನಿ. ಶಾಲೆಯಲ್ಲಿ ಪೋಷಕರ ಸಭೆ ಕರೆದ ದಿನ ಡೈರಿ ಸಭೆಗೆ ಬಂದಷ್ಟೇ ಜನ ಬನ್ನಿ.

ಮಕ್ಕಳೇ, ನಿಮಗೂ ಒಂದು ಮಾತು. ಕೊಟ್ಟಿಗೆ ಕೆಲಸ ಕೀಳಲ್ಲ. ಅದೇ ಕೆಲಸ ನಮ್ಮೆಲ್ಲರನ್ನೂ ಸಾಕಿದೆ. ಭಾನುವಾರ ಮಾಡಿ, ರಜೆಯಲ್ಲಿ ಮಾಡಿ, ಅಪ್ಪ ಅಮ್ಮನಿಗೆ ನೆರವಾಗಿ. ಆದರೆ ಬೆಳಿಗ್ಗೆ ಎಂಟು ಗಂಟೆ ನಿಮ್ಮದು. ಅದನ್ನು ಯಾರಾದರೂ ಕೇಳಿದರೆ, ಅವರು ಸಂಘದ ನಿರ್ದೇಶಕರೇ ಆಗಿರಲಿ, ಕ್ಲಾಸಿದೆ ಎಂದು ಧೈರ್ಯವಾಗಿ ಹೇಳಿ. ನಮ್ಮ ಮನೆಯಲ್ಲಿ ಹೇಳಿದ್ದಾರೆ, ನಾವು ಕೇಳಿದ್ದೇವೆ.



ಜೈ ಹಿಂದ್! ಜೈ ಕರ್ನಾಟಕ! ಜೈ ಸಹಕಾರ!